ಕಿವಿಯ ಚೀಟಿಯಲ್ಲಿ ಕಣ್ಣಿಗೂ ಒಂದು ಸಾಲು ಕೊಡಿ

ಕರ್ನಾಟಕದ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ನನಗೆ ಕಿವಿಯೂ ಹೋಗುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಎರಡೂ ಕಿವಿಗೆ ಮಷೀನು ಹಾಕಿಕೊಳ್ಳುತ್ತೇನೆ. ಆದರೂ ಎದುರಿಗಿರುವವರ ತುಟಿ ನೋಡುತ್ತಿದ್ದರೆ ಮಾತ್ರ ಮಾತು ಪೂರ್ತಿ ಸಿಗುತ್ತದೆ. ಕತ್ತಲಲ್ಲಿ ತುಟಿ ಎಲ್ಲಿ ಕಾಣಬೇಕು? ಬೇರೆಯವರಿಗೆ ಐದು ನಿಮಿಷದಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಂಡು, ಬಾಗಿಲು, ಕುರ್ಚಿ, ಮನುಷ್ಯರ ಆಕಾರ ಒಂದೊಂದಾಗಿ ಮೂಡುತ್ತವಂತೆ. ನನಗೆ ಹಾಗೆ ಆಗುವುದಿಲ್ಲ. ಯಾರಾದರೂ ಮೇಣದಬತ್ತಿ ಹಚ್ಚುವ ತನಕ ಕೂತಲ್ಲೇ ಕೂತಿರುತ್ತೇನೆ. ಯಾರಾದರೂ ಬಂದು ಭುಜ ಮುಟ್ಟಿದರೆ, ಬಳೆ ತಾಗಿದ್ದರಿಂದ ಅಮ್ಮ ಅಂತ ತಿಳಿಯುತ್ತದೆ.

ನನಗೆ ಈಗ 36 ವರ್ಷ. ಊರು ತಿಪಟೂರಿನ ಕಡೆ ಒಂದು ಹಳ್ಳಿ. ತುಮಕೂರಿನಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ನನ್ನ ಹತ್ತಿರ ಒಂದು ಆಸ್ಪತ್ರೆ ಚೀಟಿ ಇದೆ. ಅದರಲ್ಲಿ ಡಾಕ್ಟರ ಕೈಬರಹದಲ್ಲಿ ಒಂದು ಕಾಯಿಲೆಯ ಹೆಸರಿದೆ, ಅದರ ಮುಂದೆ ಒಂದು ಪ್ರಶ್ನೆಯ ಗುರುತಿದೆ. ‘ಅಶರ್ ಸಿಂಡ್ರೋಮ್?’ ಕಿವಿ, ಕಣ್ಣು ಎರಡನ್ನೂ ಹಿಡಿಯುವ ಕಾಯಿಲೆ ಅದು. ಮೂರು ವರ್ಷದಿಂದ ನಾನು ಬದುಕುತ್ತಿರುವುದು ಆ ಗುರುತಿನ ಜೊತೆ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಮೊದಲಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಶಾಲೆಗೆ ಸೇರಿದ ಮೇಲೆ ಮೂರು ವರ್ಷ ನನ್ನನ್ನು ಎಲ್ಲರೂ ದಡ್ಡಿ ಅಂದುಕೊಂಡಿದ್ದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಪಾಠ ಹೇಳುವಾಗ ನನಗೆ ಏನೂ ಕೇಳುತ್ತಿರಲಿಲ್ಲ, ನಮ್ಮ ಕಡೆ ತಿರುಗಿದಾಗ ಕೇಳುತ್ತಿತ್ತು. ಎಲ್ಲರಿಗೂ ಹಾಗೇ ಅಂತ ನಾನೂ ಅಂದುಕೊಂಡಿದ್ದೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಊರಿಗೆ ಬಂದ ಒಂದು ಶಿಬಿರದಲ್ಲಿ ಕಿವಿ ಪರೀಕ್ಷೆ ಆಯಿತು. ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು ವೈರು ಎಳೆದುಕೊಳ್ಳುವ ಮಷೀನು ಕೊಟ್ಟರು. ಅದನ್ನು ಹಾಕಿದ ದಿನ ಮೊದಲು ಕೇಳಿಸಿದ್ದು ನನ್ನದೇ ಲಂಗದ ಸರಬರ ಸದ್ದು. ಆಮೇಲೆ ತಮ್ಮನಿಗೂ ಅದೇ ಆಯಿತು. ಅಕ್ಕನ ಕಿವಿ ಮಾತ್ರ ಚೆನ್ನಾಗಿದೆ.

ಅಲ್ಲಿಂದ 20 ವರ್ಷಕ್ಕೂ ಜಾಸ್ತಿ ಕಾಲ ನನ್ನ ಕಿವಿಗೆ ಮಾಡದ ಪರೀಕ್ಷೆ ಇಲ್ಲ. ಆಡಿಯೋಗ್ರಾಂ, ಬೆರಾ, ಮತ್ತೆ ಆಡಿಯೋಗ್ರಾಂ. ಕಣ್ಣಿನ ವಿಷಯ ಯಾರೂ ಕೇಳಲಿಲ್ಲ. ಅಮ್ಮ ಮಾತ್ರ ಹೇಳುತ್ತಿದ್ದರು, ‘ಇವಳು ದೀಪ ಹಚ್ಚೋ ಹೊತ್ತಿಗೆ ಎಡವೋದು ಜಾಸ್ತಿ’ ಅಂತ. ಇರುಳುಗಣ್ಣು ಅಂದರು. ನುಗ್ಗೆ ಸೊಪ್ಪು, ಕ್ಯಾರೆಟ್, ಪರಂಗಿ ಹಣ್ಣು, ಎ ವಿಟಮಿನ್ನಿನ ಸಿರಪ್ಪು ಎಲ್ಲ ಆಯಿತು. ನುಗ್ಗೆ ಸೊಪ್ಪಿನ ಮೇಲೆ ನನಗೆ ಕೋಪವಿಲ್ಲ, ಅದರ ಬಸ್ಸಾರು ಇಂದಿಗೂ ಇಷ್ಟ. ಆದರೆ ವಿಟಮಿನ್ ಕಮ್ಮಿಯಾಗಿ ಬರುವ ಇರುಳುಗಣ್ಣು ಬೇರೆ, ಹುಟ್ಟಿನಿಂದಲೇ ಬಂದದ್ದು ಬೇರೆ. ಕಿವಿಗೆ ಮಷೀನು ಹಾಕಿದ ಹುಡುಗಿ ಕತ್ತಲಲ್ಲಿ ಎಡವುತ್ತಾಳೆ ಅಂದಾಗ ಯಾರಾದರೂ ಈ ಎರಡು ಮಾತನ್ನು ಒಟ್ಟಿಗೆ ಇಟ್ಟು ನೋಡಬೇಕಿತ್ತು. ಕಿವಿಯ ಮಾತು ಕಿವಿಯ ಫೈಲಿಗೆ ಹೋಯಿತು, ಕಣ್ಣಿನ ಮಾತು ಅಡುಗೆಮನೆಗೆ ಹೋಯಿತು.

ಕಾಲೇಜಿನಲ್ಲಿದ್ದಾಗ ಎರಡು ಸಲ ಕಣ್ಣು ತೋರಿಸಿದೆ. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನ ತನಕ ಗಳಗಳ ಓದಿದೆ. ಆರಕ್ಕೆ ಆರು! ‘ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆಯಲ್ಲಮ್ಮ’ ಅಂತ ಡಾಕ್ಟರು ನಕ್ಕರು. ನಾನೂ ನಕ್ಕೆ. ಹೊರಗೆ ಬರುವಾಗ ಬಾಗಿಲ ಪಕ್ಕದ ಸ್ಟೂಲಿಗೆ ಕಾಲು ಹೊಡೆದುಕೊಂಡೆ.

33ನೇ ವಯಸ್ಸಿನಲ್ಲಿ, ಒಂದು ಸಂಜೆ, ಸ್ಕೂಟಿಯಲ್ಲಿ ಹೋಗುತ್ತಿದ್ದವಳು ಒಂದು ಕರುವಿಗೆ ಗುದ್ದಿದೆ. ಪಕ್ಕದ ತೋಟದಿಂದ ಅದು ರಸ್ತೆಗೆ ಬಂದದ್ದು ಹಿಂದೆ ಕೂತಿದ್ದ ಅಕ್ಕನ ಮಗಳಿಗೆ ಕಂಡಿತ್ತು. ಅವಳು ಕೂಗಿದಳಂತೆ. ನನಗೆ ಕರು ಕಾಣಲಿಲ್ಲ, ಕೂಗಿದ್ದೂ ಕೇಳಲಿಲ್ಲ. ಕರುವಿಗೆ ಏನೂ ಆಗಲಿಲ್ಲ, ದೇವರ ದಯೆ. ನನ್ನ ಮೊಣಕೈ ಮುರಿಯಿತು. ಆಮೇಲೆ ಸ್ಕೂಟಿ ಮಾರಿದೆ. ಅವಳೇ ಹಟ ಹಿಡಿದು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಯುವ ಡಾಕ್ಟರು ಅಕ್ಷರ ಓದಿಸಿದ ಮೇಲೆ ಸುಮ್ಮನಾಗಲಿಲ್ಲ. ಬಟ್ಟಲಿನಂಥ ಒಂದು ಯಂತ್ರದ ಮುಂದೆ ಗದ್ದ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಿ ಅಂದರು. ನಾನು ಕಾಯುತ್ತಾ ಕೂತೆ. ಚುಕ್ಕಿಗಳು ಬರುತ್ತಲೇ ಇದ್ದವಂತೆ. ನನಗೆ ಕಂಡದ್ದು ನಟ್ಟ ನಡುವಿನವು ಮಾತ್ರ. ಕಾಗದದಲ್ಲಿ ಬಂದ ಚಿತ್ರದಲ್ಲಿ ಸುತ್ತಲೂ ಕಪ್ಪು, ಮಧ್ಯೆ ಸಣ್ಣ ನಾಣ್ಯದಷ್ಟು ಬಿಳಿ.

ಅದನ್ನು ನೋಡಿ ಅವರು ನನ್ನ ಕಿವಿಯ ಮಷೀನಿನ ಕಡೆ ಬೆರಳು ತೋರಿಸಿ ಕೇಳಿದರು, ‘ಇದು ಯಾವಾಗಿನಿಂದ?’

ಕಣ್ಣಿನ ಡಾಕ್ಟರೊಬ್ಬರು ನನ್ನ ಕಿವಿಯ ಬಗ್ಗೆ ಕೇಳಿದ್ದು ಅದೇ ಮೊದಲು. ಆಮೇಲಿನ ಪ್ರಶ್ನೆ, ‘ಅಪ್ಪ ಅಮ್ಮ ಸಂಬಂಧಿಕರಾ?’

ಸ್ವಾಮಿ, ನನ್ನ ಅಮ್ಮನ ತಾಯಿ ನನ್ನ ಅಪ್ಪನ ಸ್ವಂತ ಅಕ್ಕ. ಅವಳು ನನಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ನಮ್ಮ ಕಡೆ ಇದು ವಿಶೇಷವೇ ಅಲ್ಲ. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗೆ ಒಂದು ರಕ್ತಸಂಬಂಧದಲ್ಲೇ ಆಗುತ್ತದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ.

ಇದು ಎಂಥ ಕಾಯಿಲೆ ಅಂತ ನಿಮ್ಮ ಇಲಾಖೆಯ ತಜ್ಞರಿಗೆ ಗೊತ್ತೇ ಇರುತ್ತದೆ. ಪತ್ರ ಓದುವ ಬೇರೆಯವರಿಗಾಗಿ ನನಗೆ ತಿಳಿದಷ್ಟು ಬರೆಯುತ್ತೇನೆ. ಒಳಕಿವಿಯಲ್ಲಿ ಶಬ್ದ ಹಿಡಿಯುವ, ಸಣ್ಣ ಕೂದಲಿನಂಥ ಎಳೆಗಳಿರುವ ಕೋಶಗಳಿವೆ. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಕೆಲವು ಪ್ರೋಟೀನುಗಳು ಈ ಎರಡೂ ಕಡೆ ಬೇಕು. ಅವನ್ನು ಮಾಡಿಸುವ ಜೀನಿನಲ್ಲಿ ತಪ್ಪಿದ್ದರೆ ಕಿವಿಗೆ ಹುಟ್ಟುವಾಗಲೇ ಪೆಟ್ಟು ಬಿದ್ದಿರುತ್ತದೆ. ಕಣ್ಣು ನಿಧಾನ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಮೊದಲು ಸಾಯುತ್ತವೆ, ಅದಕ್ಕೇ ಇರುಳುಗಣ್ಣು. ಆಮೇಲೆ ಅಕ್ಕಪಕ್ಕದ ನೋಟ ಕರಗುತ್ತಾ ಬರುತ್ತದೆ. ನಡುವಿನ ನೋಟ ಬಹಳ ವರ್ಷ ಉಳಿಯುತ್ತದೆ. ಗೋಡೆಯ ಮೇಲಿನ ಅಕ್ಷರ ಓದಲು ಬೇಕಾದದ್ದು ಆ ನಡುವಿನ ನೋಟ ಮಾತ್ರ. ನಾನು ಆರಕ್ಕೆ ಆರು ತೆಗೆದುಕೊಂಡದ್ದು ಹೀಗೆ. ಕಣ್ಣಿನ ಈ ತೊಂದರೆಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಸುಮ್ನೆ ಆರ್‌ಪಿ.

ಇದರಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಮಗು ಹುಟ್ಟಾ ಪೂರ್ತಿ ಕಿವುಡು. ದೇಹದ ಸಮತೋಲನ ಕಾಯುವ ಒಳಕಿವಿಯ ಭಾಗವೂ ಕೆಟ್ಟಿರುತ್ತದೆ, ಹಾಗಾಗಿ ನಡೆಯುವುದೂ ತಡ. ಒಂದೂವರೆ ವರ್ಷ ದಾಟಿದರೂ ಹೆಜ್ಜೆ ಇಡುವುದಿಲ್ಲ. ಹತ್ತು ವರ್ಷ ತುಂಬುವುದರೊಳಗೆ ಕಣ್ಣಿನ ತೊಂದರೆ ಕಾಣಿಸಿಕೊಳ್ಳುತ್ತದೆ. ಎರಡನೆಯದು ನನ್ನಂಥವರದ್ದು, ಕಿವಿ ಅರ್ಧಂಬರ್ಧ, ನಡಿಗೆ ಸರಿ, ಕಣ್ಣು ಹದಿಹರೆಯದಲ್ಲಿ ಶುರು. ಮೂರನೆಯದರಲ್ಲಿ ಕಿವಿಯೂ ನಿಧಾನವಾಗಿ ಹೋಗುತ್ತದೆ, ಅದು ಕಡಿಮೆ ಜನಕ್ಕೆ. ಕಿವುಡು ಮಕ್ಕಳಲ್ಲಿ ನೂರಕ್ಕೆ 3ರಿಂದ 6 ಮಂದಿಗೆ ಅಶರ್ ಇರುತ್ತದೆ ಎಂದು ಹೊರದೇಶದ ಲೆಕ್ಕ. ರಕ್ತಸಂಬಂಧದ ಮದುವೆ ಇಷ್ಟು ಇರುವ ನಮ್ಮ ರಾಜ್ಯದಲ್ಲಿ ಅದಕ್ಕಿಂತ ಕಮ್ಮಿ ಇರುತ್ತದೆ ಅಂದುಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ದಿನ ಕಾಡಿತು. ಕಾಯಿಲೆಗೆ ಹೆಸರು ಬಂದಿರುವುದು ಬ್ರಿಟನ್ನಿನ ಕಣ್ಣಿನ ಡಾಕ್ಟರು ಚಾರ್ಲ್ಸ್ ಅಶರ್ ಅವರಿಂದ. ಇದು ವಂಶದಲ್ಲಿ ಬರುತ್ತದೆ ಎಂದು ಅವರು 1914ರಲ್ಲಿ ಬರೆದರು. ಅದಕ್ಕೂ ಮೊದಲು, 1861ರಲ್ಲಿ, ಬರ್ಲಿನ್ನಿನಲ್ಲಿ ಲೀಬ್ರೈಖ್ ಎಂಬ ಡಾಕ್ಟರು ಆ ಊರಿನ ಕಿವುಡರನ್ನು ಹುಡುಕಿ ಅವರ ಕಣ್ಣು ಪರೀಕ್ಷೆ ಮಾಡಿದರು. ಹಲವರಲ್ಲಿ ಆರ್‌ಪಿ ಸಿಕ್ಕಿತು. ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಜಾಸ್ತಿ ಎಂದೂ ಅವರು ಗಮನಿಸಿದರು. ಕರೆಂಟ್ ದೀಪ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯನಿಗೆ ಹೊಳೆದ ಮಾತು ಇದು: ಕಿವಿ ಕೇಳದವರ ಕಣ್ಣನ್ನೂ ಒಮ್ಮೆ ನೋಡೋಣ. ನಾನು ನಿಮ್ಮಿಂದ ಕೇಳುತ್ತಿರುವುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ.

ದಿನದ ಬದುಕು ಹೇಗಿದೆ ಅಂದರೆ, ಜನಕ್ಕೆ ನನ್ನ ಮೇಲಿರುವ ದೂರು ಒಂದೇ, ‘ಅವಳಿಗೆ ಕೊಬ್ಬು’. ಪಕ್ಕದಿಂದ ಕೈಮುಗಿದವರಿಗೆ ನಾನು ತಿರುಗಿ ಕೈಮುಗಿಯುವುದಿಲ್ಲ. ಅರಿಶಿನ ಕುಂಕುಮದ ತಟ್ಟೆ ಎದೆಯ ಕೆಳಗೆ ಹಿಡಿದು ನಿಂತರೆ ಮುಖ ನೋಡಿ ಮುಂದೆ ಹೋಗಿಬಿಡುತ್ತೇನೆ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಬಲಗಡೆಯಿಂದ ‘ಸಾರು ಹಾಕ್ಲಾ’ ಅಂತ ಕೇಳಿ ಕೇಳಿ ಹೋಗಿರುತ್ತಾರೆ, ನಾನು ಬರೀ ಅನ್ನ ನೋಡುತ್ತಾ ಕೂತಿರುತ್ತೇನೆ. ಒಂದು ಗೃಹಪ್ರವೇಶದಲ್ಲಿ ರಂಗೋಲಿಯ ಮೇಲೆ ಸೀದಾ ನಡೆದುಹೋದೆ. ಮನೆಯಾಕೆ ಬೆಳಿಗ್ಗೆ ಐದರಿಂದ ಕೂತು ಬಿಡಿಸಿದ್ದು. ಅವರ ಮುಖ ಇನ್ನೂ ನೆನಪಿದೆ.

ಕಣ್ಣು ಕಾಣದವರು ಕಿವಿಯನ್ನು ನೆಚ್ಚಿಕೊಳ್ಳುತ್ತಾರೆ, ಕಿವಿ ಕೇಳದವರು ಕಣ್ಣನ್ನು. ನಮ್ಮಂಥವರಿಗೆ ನೆಚ್ಚಿಕೊಂಡದ್ದೇ ಕೈಕೊಡುತ್ತಿರುತ್ತದೆ. ತಮ್ಮ ಒಂದು ಮಾತು ಹೇಳಿದ್ದ, ‘ಅಕ್ಕ, ಸಾಲ ತೀರಿಸೋಕೆ ಅಂತ ಇಟ್ಟಿದ್ದ ದುಡ್ಡೇ ಕಳುವಾದಂಗೆ ಇದು.’ ಸಂಜ್ಞೆ ಭಾಷೆಯಲ್ಲಿ ಮಾತಾಡುವವರ ಕಷ್ಟ ಇನ್ನೂ ದೊಡ್ಡದು. ನೋಟ ಕಿರಿದಾದಂತೆ ಎದುರಿನವರ ಕೈ ಆ ಚೌಕಟ್ಟಿನಿಂದ ಆಚೆ ಹೋಗಿಬಿಡುತ್ತದೆ, ದೂರ ಕೂತು ಸಣ್ಣದಾಗಿ ಮಾಡಿ ತೋರಿಸಬೇಕು. ಕೊನೆಗೆ ಕೈಯೊಳಗೆ ಕೈಯಿಟ್ಟು ಮಾತಾಡುವವರೂ ಇದ್ದಾರೆ. ಕಣ್ಣು ಕಾಣದವರ ಬಿಳಿ ಕೋಲಿಗೆ ಕೆಂಪು ಪಟ್ಟಿ ಇದ್ದರೆ ಕಿವಿಯೂ ಕೇಳುವುದಿಲ್ಲ ಅಂತ ಅರ್ಥ, ಹಲವು ದೇಶಗಳಲ್ಲಿ ಈ ಗುರುತು ನಡೆಯುತ್ತದೆ. ನಾನೂ ಒಂದು ಮಡಚುವ ಕೋಲು ತರಿಸಿಕೊಂಡಿದ್ದೇನೆ. ಎರಡು ವರ್ಷವಾಯಿತು, ಬ್ಯಾಗಿನಲ್ಲೇ ಇದೆ. ಆಫೀಸಿನ ಗೇಟಿನಿಂದ ಬಸ್‌ಸ್ಟ್ಯಾಂಡಿಗೆ ನಾನೂರು ಹೆಜ್ಜೆ. ಅದನ್ನು ಬಿಚ್ಚಿದರೆ ನಾಳೆಯಿಂದ ನಾನು ಇನ್ನೊಬ್ಬಳೇ ಆಗಿಬಿಡುತ್ತೇನೇನೋ ಅನ್ನಿಸುತ್ತದೆ. ಇದು ನನ್ನ ಕೊರತೆ, ಸರ್ಕಾರದ ತಪ್ಪಲ್ಲ.

ಈಗ ಪ್ರಶ್ನೆಯ ಗುರುತಿನ ವಿಷಯಕ್ಕೆ ಬರುತ್ತೇನೆ. ಅದನ್ನು ಅಳಿಸಲು ಜೀನ್ ಪರೀಕ್ಷೆ ಆಗಬೇಕು, ಒಂದು ಸಿರಿಂಜು ರಕ್ತ ಸಾಕು. ನನಗೆ ಹೇಳಿದ ಖರ್ಚು 24 ಸಾವಿರ. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆದರೂ ದುಡ್ಡೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ.

ಅಕ್ಕನ ಮಗಳಿಗೆ ಈಗ 22. ತಮ್ಮನಿಗೆ 32. ನಮ್ಮಲ್ಲಿ ಅಕ್ಕನ ಮಗಳು ಅಂದರೆ ತಮ್ಮನಿಗೆ ಅಂತಲೇ ಲೆಕ್ಕ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅಪ್ಪ ಮಾತಾಡಿ ಮುಗಿಸಿದ್ದರು. ತೋಟ ಹೊರಗೆ ಹೋಗುವುದಿಲ್ಲ, ಕಿವಿ ಕೇಳದ ಹುಡುಗನಿಗೆ ಬೇರೆ ಯಾರು ಹೆಣ್ಣು ಕೊಡುತ್ತಾರೆ, ಇವಳಾದರೆ ಅವನನ್ನು ಬಲ್ಲವಳು. ಎಲ್ಲವೂ ಪ್ರೀತಿಯ ಮಾತುಗಳೇ, ಅದರಲ್ಲಿ ಕೆಟ್ಟದ್ದು ಹುಡುಕಿದರೂ ಸಿಗುವುದಿಲ್ಲ. ಆದರೆ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಓದಿದವಳು. ಒಂದು ರಾತ್ರಿ ಹಳೆಯ ಲಗ್ನಪತ್ರಿಕೆಯ ಹಿಂದೆ ನಮ್ಮ ಮನೆತನದ ಚಿತ್ರ ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಕಾಯಿಲೆ ಇರುವವರಿಗೆ ಒಳಗೆ ಮಸಿ. ಗಂಡ ಹೆಂಡತಿಯ ನಡುವೆ ಒಂದು ಗೆರೆ. ಅಪ್ಪ ಅಮ್ಮನ ನಡುವೆ ಮಾತ್ರ ಎರಡು ಗೆರೆ ಎಳೆದಳು. ರಕ್ತಸಂಬಂಧಕ್ಕೆ ಪುಸ್ತಕದಲ್ಲಿ ಹಾಗೆ ಬರೆಯುತ್ತಾರಂತೆ.

ಅಮ್ಮ ಬಗ್ಗಿ ನೋಡಿ, ‘ನಮಗೆ ಮಾತ್ರ ಯಾಕೆ ಎರಡು ಗೆರೆ?’ ಅಂದರು.

ಯಾರೂ ಮಾತಾಡಲಿಲ್ಲ. ಅಮ್ಮನಿಗೆ ಮದುವೆಯಾದಾಗ 16 ವರ್ಷ, ಅವರನ್ನು ಯಾರೂ ಕೇಳಿರಲಿಲ್ಲ. ಮಕ್ಕಳ ಕಿವಿ ಹೋದಾಗ ನಾಗದೋಷ ಅಂದರು. ಕುಕ್ಕೆಗೆ ಹೋಗಿ ಎಲ್ಲ ಮಾಡಿಸಿ ಬಂದೆವು. ಬಿಸಿಲೆ ಘಾಟಿಯ ದಾರಿ ಚೆನ್ನಾಗಿತ್ತು, ಅಷ್ಟು ಮಟ್ಟಿಗೆ ಲಾಭ. ಆದರೆ ದೋಷ ಯಾರದು ಅನ್ನುವ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣೂ ಅಮ್ಮನ ಕಡೆಗೇ ತಿರುಗುತ್ತಿತ್ತು. ಈಗ ವಿಜ್ಞಾನ ಬಂತು, ಇಷ್ಟು ದಿನದ ದೋಷಕ್ಕೆ ಎರಡು ಗೆರೆಯ ಹೆಸರು ಕೊಟ್ಟಿತು ಅನ್ನಿಸಿರಬೇಕು ಅವರಿಗೆ. ಅಮ್ಮನಿಗೆ ಯಾರಾದರೂ ಕೂತು ಹೇಳಬೇಕಿತ್ತು: ಈ ಕಾಯಿಲೆ ಬರಲು ತಾಯಿ ತಂದೆ ಇಬ್ಬರಿಂದಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಬರಬೇಕು. ಅಪ್ಪನದೂ ಸಮಪಾಲು. ಇಬ್ಬರಿಗೂ ಕಣ್ಣು ಕಿವಿ ಚೆನ್ನಾಗಿಯೇ ಇರುತ್ತದೆ, ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ರಕ್ತಸಂಬಂಧದಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಂಬಂಧವೇ ಇಲ್ಲದ ಇಬ್ಬರ ಮಕ್ಕಳಿಗೂ ಇದು ಬರಬಹುದು. ಇಷ್ಟನ್ನು ಕನ್ನಡದಲ್ಲಿ, ಅಮ್ಮನ ಮುಖ ನೋಡಿ, ಅವಸರವಿಲ್ಲದೆ ಹೇಳುವವರು ತಾಲ್ಲೂಕಿನಲ್ಲಿ ಒಬ್ಬರಿದ್ದರೆ ಸಾಕಿತ್ತು. ನಮ್ಮ ಮನೆಯಲ್ಲಿ ಆ ಕೆಲಸ 22ರ ಹುಡುಗಿಯ ತಲೆ ಮೇಲೆ ಬಿತ್ತು. ಅದೂ ಯಾರ ಮದುವೆಯ ಮಾತು ನಡೆದಿದೆಯೋ ಅವಳ ತಲೆಗೇ.

ಲೆಕ್ಕ ಹೀಗಿದೆ. ನನ್ನದೂ ತಮ್ಮನದೂ ನಿಜಕ್ಕೂ ಅಶರ್ ಆಗಿದ್ದರೆ, ಚೆನ್ನಾಗಿರುವ ಅಕ್ಕ ಒಂದು ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಅದು ಮಗಳಿಗೆ ಇಳಿದಿರುವ ಸಾಧ್ಯತೆ ಮೂರರಲ್ಲಿ ಒಂದು. ಅವಳು ನನ್ನ ತಮ್ಮನನ್ನು ಮದುವೆಯಾದರೆ ಪ್ರತಿ ಮಗುವಿಗೂ ಆರರಲ್ಲಿ ಒಂದು. ನಾನು ಲೆಕ್ಕದವಳು, ಮೂರು ಸಲ ಹಾಕಿ ನೋಡಿದೆ. ಪರೀಕ್ಷೆ ಮಾಡಿಸಿ, ಅವಳಲ್ಲಿ ಆ ಪ್ರತಿ ಇಲ್ಲ ಅಂತಾದರೆ ಆ ಭಯ ಹೆಚ್ಚುಕಮ್ಮಿ ಇಲ್ಲವಾಗುತ್ತದೆ. ಇದೆ ಅಂತಾದರೆ ಎರಡರಲ್ಲಿ ಒಂದು. ಹಾಗಾದರೆ ಮಾಡಿಸಿಬಿಡಿ ಅನ್ನುತ್ತೀರಿ. ಅಪ್ಪ ಹೇಳಿದ್ದು ಬೇರೆ: ‘ಕಾಗದದಲ್ಲಿ ಬಂದರೆ ಮುಗೀತು. ಆಮೇಲೆ ಆ ಹುಡುಗೀನ ಹೊರಗಿನವರೂ ಕೇಳಲ್ಲ.’ ಅಪ್ಪನನ್ನು ದೂರುವುದು ಸುಲಭ. ಆದರೆ ನಮ್ಮ ಸುತ್ತಿನ ಹತ್ತು ಹಳ್ಳಿಯನ್ನು ಬಲ್ಲ ಯಾರೂ ಆ ಮಾತು ಸುಳ್ಳು ಅನ್ನಲಾರರು. ನನಗೂ ಒಳಗೊಳಗೆ ಪ್ರಶ್ನೆಯ ಗುರುತೇ ವಾಸಿ ಅನ್ನಿಸಿದ ದಿನಗಳಿವೆ. ಅದು ಇರುವ ತನಕ ‘ಇಲ್ಲದೇ ಇರಬಹುದು’ ಅನ್ನುವುದಕ್ಕೂ ಜಾಗವಿರುತ್ತದೆ ಅಲ್ವಾ?

ಹುಡುಗಿಯನ್ನು ಕೇಳಿದರೆ ಅವಳು ಹೇಳಿದ್ದು, ‘ಮಾವ ಒಳ್ಳೆಯವನೇ ಚಿಕ್ಕಮ್ಮ. ಆದ್ರೆ ನಾನು ಮೊದಲು ಕೆಲಸಕ್ಕೆ ಸೇರ್ಬೇಕು.’

ಸರ್ಟಿಫಿಕೇಟಿನ ಕಥೆ ಬೇಗ ಹೇಳಿಬಿಡುತ್ತೇನೆ. 24ನೇ ವಯಸ್ಸಿನಲ್ಲಿ ಅಂಗವಿಕಲರ ಪ್ರಮಾಣಪತ್ರಕ್ಕೆ ಹೋಗಿದ್ದೆ. ಕಾನೂನಿನಲ್ಲಿ ಕಿವಿಗೆ 60 ಡೆಸಿಬಲ್ ಗೆರೆ. ನನ್ನದು 58. ‘ಇನ್ನೆರಡು ಜಾಸ್ತಿ ಆದ್ಮೇಲೆ ಬನ್ನಿ’ ಅಂದರು, ನಗುತ್ತಲೇ. ಕಣ್ಣನ್ನು ಯಾರೂ ನೋಡಲಿಲ್ಲ. ಕಣ್ಣಿನ ಚಿತ್ರ ಸಿಕ್ಕ ಮೇಲೆ ಮತ್ತೆ ಹೋದೆ. ಆ ಆಸ್ಪತ್ರೆಯಲ್ಲಿ ಕಿವಿಯವರು ಕೂರುವುದು ಮಂಗಳವಾರ, ಕಣ್ಣಿನವರು ಗುರುವಾರ. ಎರಡೂ ದಿನ ರಜೆ ಹಾಕಿ ಹೋದೆ. ಕೊನೆಗೆ ಕೌಂಟರಿನಲ್ಲಿದ್ದವರು, ‘ಎರಡೂ ಯಾಕಮ್ಮ, ಯಾವುದಾದ್ರೂ ಒಂದು ತಗೊಳ್ಳಿ’ ಅಂದರು. ತರಕಾರಿ ಅಂಗಡಿಯಲ್ಲಿ ಹೇಳಿದ ಹಾಗೆ.

2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಹಿಂದಿನ 1995ರ ಕಾನೂನಿನಲ್ಲಿ ಏಳೇ ಇದ್ದವು. ಹೊಸ ಪಟ್ಟಿಯಲ್ಲಿ ಬಹುವಿಧ ಅಂಗವೈಕಲ್ಯದ ಜೊತೆಗೆ ಕಿವಿ ಕಣ್ಣು ಎರಡರ ತೊಂದರೆಯನ್ನೂ ಹೆಸರಿಸಿ ಬರೆದಿದ್ದಾರೆ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ ಎಂದೂ ಅದರಲ್ಲೇ ಇದೆ, ಅಕ್ಷರ ಎಷ್ಟೇ ಚೆನ್ನಾಗಿ ಓದಲಿ. ಎರಡು ತೊಂದರೆಯ ಶೇಕಡವನ್ನು ಸೇರಿಸಲು ಸೂತ್ರವೂ ಇದೆ. ಸುಮ್ಮನೆ ಕೂಡಿಸುವುದಲ್ಲ, ದೊಡ್ಡದಕ್ಕೆ ಚಿಕ್ಕದರ ಒಂದು ಪಾಲನ್ನು ಮಾತ್ರ ಸೇರಿಸುತ್ತಾರೆ. 40ಕ್ಕೆ 35 ಸೇರಿದರೆ ಸುಮಾರು 59. ಕಾಲು ಮತ್ತು ಕಿವಿಗೆ ಈ ಲೆಕ್ಕ ಸರಿಹೋಗಬಹುದು. ಕಣ್ಣು ಮತ್ತು ಕಿವಿಯ ವಿಷಯದಲ್ಲಿ ಒಂದು ತೊಂದರೆ ಇನ್ನೊಂದನ್ನು ಗುಣಿಸುತ್ತದೆ, ಸೂತ್ರಕ್ಕೆ ಅದು ಗೊತ್ತಿಲ್ಲ. ಅದು ದೆಹಲಿಯವರ ಕೆಲಸ ಬಿಡಿ. ಆದರೆ ಎರಡನ್ನೂ ಒಂದೇ ದಿನ, ಒಂದೇ ಟೇಬಲ್ಲಿನಲ್ಲಿ ನೋಡುವುದು, ಅಗಲ ಅಳೆಯದೆ ‘ಕಣ್ಣು ಸರಿಯಿದೆ’ ಅಂತ ಬರೆಯದೇ ಇರುವುದು ನಮ್ಮ ರಾಜ್ಯದಲ್ಲೇ ಆಗಬಹುದಾದದ್ದು.

ಈಗ ನನ್ನ ಮುಖ್ಯ ಬೇಡಿಕೆ. ಹೊಸ ಯೋಜನೆ ಕೇಳುತ್ತಿಲ್ಲ. ಇರುವುದೇ ಬೇಕಾದಷ್ಟಿದೆ. ಚಿಕ್ಕ ಮಕ್ಕಳ ಕಿವಿಗೆ ‘ಶ್ರವಣ ಸಂಜೀವಿನಿ’ ಇದೆ, ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಮಷೀನು, ಅಂದರೆ ಕಾಕ್ಲಿಯರ್ ಇಂಪ್ಲಾಂಟ್ ತನಕ ನೋಡಿಕೊಳ್ಳುತ್ತದೆ. ಕಣ್ಣಿಗೆ ‘ಆಶಾಕಿರಣ’ ಇದೆ, ಮನೆಬಾಗಿಲಿಗೆ ಬಂದು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತದೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೂ ಶಾಲೆಗೂ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡವಿದೆ. ಕಿವಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಣ್ಣಿಗೆ ಬೆಂಗಳೂರಿನಲ್ಲಿ ನೂರು ವರ್ಷ ದಾಟಿದ ಮಿಂಟೋ ಆಸ್ಪತ್ರೆ ಇದೆ. ಬೇರೆ ರಾಜ್ಯದವರು ನಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು.

ನಾನು ಕೇಳುವುದು ಮಗುವಿನ ಕಿವಿಯ ಚೀಟಿಯಲ್ಲಿ ಎರಡೇ ಪ್ರಶ್ನೆ. ‘ಮಗು ಎಷ್ಟನೇ ತಿಂಗಳಿಗೆ ನಡೆಯಿತು?’ ‘ಸಂಜೆಯಾದ ಮೇಲೆ ಎಡವುತ್ತದೆಯೇ?’ ಒಂದು ಸಾಲಿನಲ್ಲಿ ಹಿಡಿಯುತ್ತದೆ. ಆಶಾ ಕಾರ್ಯಕರ್ತೆ ಕೇಳಬಹುದು, ಅಂಗನವಾಡಿ ಟೀಚರ್ ಕೇಳಬಹುದು. ಉತ್ತರ ಗೊತ್ತಿರುವುದು ಅಮ್ಮಂದಿರಿಗೆ, ಯಂತ್ರ ಬೇಡ. ಉತ್ತರದಲ್ಲಿ ಅನುಮಾನ ಬಂದರೆ ಆ ಮಗುವನ್ನು ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಲಿ. ಅಲ್ಲಿಂದ ಬೇಕಾದರೆ ಇಆರ್‌ಜಿ ಪರೀಕ್ಷೆಗೆ ಹೋಗಲಿ. ಕಣ್ಣಿನ ಪರದೆ ಬೆಳಕಿಗೆ ಹೇಗೆ ಮಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಡಾಕ್ಟರ ಟಾರ್ಚಿಗೆ ಪರದೆಯ ಮೇಲಿನ ಕಪ್ಪು ಕಲೆಗಳು ಕಾಣುವುದಕ್ಕೂ ವರ್ಷಗಳ ಮೊದಲೇ ಸುಳಿವು ಕೊಡುತ್ತದೆ. ಹಾಗೆಯೇ ಆಶಾಕಿರಣದವರಿಗೆ ಕಿವಿಗೆ ಮಷೀನು ಹಾಕಿದ ಮಗು ಸಿಕ್ಕರೆ, ಕನ್ನಡಕದ ನಂಬರು ನೋಡಿ ಕಳಿಸದೆ ಚೀಟಿಯ ಮೇಲೆ ಒಂದು ಗುರುತು ಹಾಕಲಿ.

‘ವಾಸಿಯಾಗದ ಕಾಯಿಲೆ, ಮೊದಲೇ ತಿಳಿದು ಏನು ಲಾಭ’ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಹುಟ್ಟಾ ಕಿವುಡಾದ ಮಗುವಿನ ಕಣ್ಣೂ ಮುಂದೆ ಹೋಗುತ್ತದೆ ಎಂದು ಮೊದಲೇ ತಿಳಿದರೆ ತಂದೆ ತಾಯಿ ಇಂಪ್ಲಾಂಟಿಗೆ ಆರು ವರ್ಷದ ತನಕ ಕಾಯುವುದಿಲ್ಲ, ಒಂದು ವರ್ಷಕ್ಕೇ ಓಡುತ್ತಾರೆ. ಆ ಮಗುವಿಗೆ ಮುಂದೆ ಉಳಿಯುವುದು ಆ ಕಿವಿಯೇ. ಕಣ್ಣು ಇರುವಾಗಲೇ ಬ್ರೈಲ್ ಕಲಿಯಬಹುದು, ಕೋಲು ಹಿಡಿದು ನಡೆಯುವುದನ್ನು ನಾಚಿಕೆ ಹುಟ್ಟುವ ಮೊದಲೇ ಕಲಿಯಬಹುದು. ಮೇಷ್ಟ್ರು ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ತಾವು ಬೆಳಕಿಗೆ ಮುಖ ಮಾಡಿ ಪಾಠ ಹೇಳಬಹುದು. ನನಗೆ ಗೊತ್ತಿದ್ದಿದ್ದರೆ ನಾನು ಸ್ಕೂಟಿ ಕೊಳ್ಳುತ್ತಿರಲಿಲ್ಲ. ‘ಇಂಜೆಕ್ಷನ್ ಕೊಟ್ಟು ಕಣ್ಣಿನ ನರ ಚಿಗುರಿಸುತ್ತೇವೆ’ ಅಂದವರಿಗೆ ನನ್ನ ತಮ್ಮ 70 ಸಾವಿರ ಕಟ್ಟುತ್ತಿರಲಿಲ್ಲ. ಅಶರ್‌ಗೆ ಕಣ್ಣು ವಾಪಸ್ ತರುವ ಔಷಧಿ ಇವತ್ತಿಗೆ ಇಲ್ಲ, ಸಂಶೋಧನೆ ನಡೆಯುತ್ತಿದೆ. ಇಷ್ಟನ್ನು ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿದರೂ ಎಷ್ಟೋ ಜನರ ತೋಟ ಉಳಿಯುತ್ತದೆ.

ಜೀನ್ ಪರೀಕ್ಷೆಯ ಖರ್ಚನ್ನು ಸರ್ಕಾರ ಹೊತ್ತರೆ ಒಳ್ಳೆಯದು. ಅದಕ್ಕಿಂತ ಮೊದಲು, ಪರೀಕ್ಷೆಗೆ ಮುಂಚೆಯೂ ಆಮೇಲೂ ಮನೆಯವರ ಜೊತೆ ಕೂತು ಮಾತಾಡುವ ಒಬ್ಬರು ಜಿಲ್ಲೆಗೊಬ್ಬರಾದರೂ ಇರಲಿ. ಮದುವೆ ಮಾಡಬೇಡಿ ಅಂತ ಗದರಿಸುವವರು ಬೇಡ. ಅಮ್ಮನಂಥವರಿಗೆ ಎರಡು ಗೆರೆಯ ಅರ್ಥ ಹೇಳುವವರು ಬೇಕು. ರಿಪೋರ್ಟು ಊರ ಬಾಯಿಗೆ ಬೀಳದಂತೆ ನೋಡಿಕೊಳ್ಳುವವರು ಬೇಕು.

ಕಳೆದ ತಿಂಗಳು ನಾನು ದುಡ್ಡು ಕಟ್ಟಿ ರಕ್ತ ಕೊಟ್ಟು ಬಂದೆ. ಅಪ್ಪನಿಗೆ ಹೇಳಿಲ್ಲ. ಅಮ್ಮನಿಗೆ ಗೊತ್ತು, ಬಸ್ ಚಾರ್ಜು ಅವರೇ ಕೊಟ್ಟರು. ರಿಪೋರ್ಟು ಇನ್ನೂ ಬಂದಿಲ್ಲ.

ಈ ಪತ್ರಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಕೊಡುವುದಾದರೆ ದಯವಿಟ್ಟು ಫೋನ್ ಮಾಡಿಸಬೇಡಿ, ನನಗೆ ಕೇಳುವುದಿಲ್ಲ. ಬರೆದು ಕಳಿಸಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ಸಾಲು ಮಧ್ಯದಲ್ಲಿರಲಿ.

ಇಂತಿ,
ತಿಪಟೂರು ಕಡೆಯ ಒಬ್ಬ ಲೆಕ್ಕದವಳು